ತುತ್ತು ಇಳಿಯದಿದ್ದರೆ

ಪ್ರತಿ ತುತ್ತಿಗೂ ನೀರು ಕುಡಿದು ಅನ್ನ ಇಳಿಸುವವರು ನಿಮ್ಮ ಮನೆಯಲ್ಲಿದ್ದಾರೆಯೇ? ಇದ್ದರೂ ನಿಮಗೆ ಗೊತ್ತಿರಲಿಕ್ಕಿಲ್ಲ. ಹೆಚ್ಚಿನ ಮನೆಗಳಲ್ಲಿ ಹೆಂಗಸರು ಉಣ್ಣುವುದು ಎಲ್ಲರದ್ದೂ ಮುಗಿದ ಮೇಲೆ, ಅಡುಗೆ ಕೋಣೆಯಲ್ಲಿ. ಅವರು ಎಷ್ಟು ಉಂಡರು, ಹೇಗೆ ಉಂಡರು ಎಂದು ಕೇಳುವವರಿಲ್ಲ.

ನನ್ನ ನಾದಿನಿ ಎರಡು ವರ್ಷ ಹೀಗೆಯೇ ಕಳೆದಳು. ರೊಟ್ಟಿ ಮಾತ್ರವಲ್ಲ, ಗಂಜಿ, ಚಹಾ ಕೂಡಾ ಎದೆಯ ನಡುವೆ ನಿಂತುಬಿಡುತ್ತಿತ್ತು. ರಾತ್ರಿ ಮಲಗಿದರೆ ತಿಂದದ್ದು ಹಾಗೆಯೇ ಬಾಯಿಗೆ ಬರುತ್ತಿತ್ತು, ಜೊತೆಗೆ ಕೆಮ್ಮು. ರಮಝಾನ್‌ನಲ್ಲಿ ಇಫ್ತಾರಿನ ಒಂದು ಖರ್ಜೂರಕ್ಕೆ ಎರಡು ಲೋಟ ನೀರು. ಗ್ಯಾಸ್ಟ್ರಿಕ್ ಮಾತ್ರೆಯಿಂದ ಪ್ರಯೋಜನವಾಗಲಿಲ್ಲ. ಎಂಡೋಸ್ಕೋಪಿಯಲ್ಲಿ 'ಏನೂ ಇಲ್ಲ' ಎಂದು ಬಂತು. ವೈದ್ಯರ 'ಏನೂ ಇಲ್ಲ' ಬಂಧುಗಳ ಬಾಯಲ್ಲಿ 'ಎಲ್ಲಾ ಅವಳ ಟೆನ್ಶನ್' ಎಂದಾಯಿತು. ದೃಷ್ಟಿ ತಾಗಿದೆ ಎಂದವರೂ ಇದ್ದರು. ಅವಳ ತೂಕ ಮಾತ್ರ ಇಳಿಯುತ್ತಲೇ ಇತ್ತು.

ಎಂಡೋಸ್ಕೋಪಿ ಬೇಡವೆಂದಲ್ಲ. ಗಡ್ಡೆ, ಹುಣ್ಣು ಇಲ್ಲವೆಂದು ತಿಳಿಯಲು ಮೊದಲು ಅದೇ ಆಗಬೇಕು. ಆದರೆ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ ಬರೀ ಪೈಪಲ್ಲ. ಅದರ ಸ್ನಾಯುಗಳು ಮೇಲಿನಿಂದ ಕೆಳಕ್ಕೆ ಅಲೆಯಂತೆ ಹಿಂಡಿ ತುತ್ತನ್ನು ದೂಡುತ್ತವೆ. ಕೊನೆಯಲ್ಲಿರುವ ಬಳೆಯಂತಹ ಸ್ನಾಯು ಆ ಹೊತ್ತಿಗೆ ಸಡಿಲಗೊಂಡು ಜಠರಕ್ಕೆ ದಾರಿ ಬಿಡಬೇಕು. ಗೋಡೆ ಚೆನ್ನಾಗಿದ್ದೂ ಈ ಕೆಲಸ ಕೆಟ್ಟಿರಬಹುದು.

ಅದನ್ನು ಅಳೆಯುವ ಪರೀಕ್ಷೆಯೇ ಮ್ಯಾನೊಮೆಟ್ರಿ. ಕೊನೆಗೆ ಜೀರ್ಣಾಂಗ ತಜ್ಞರೊಬ್ಬರು ಬರೆದುಕೊಟ್ಟರು. ಕೆಲವು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಮೂಗಿನೊಳಗೆ ಮರಗಟ್ಟಿಸುವ ಔಷಧಿ ಹಾಕಿ ಸಪೂರ ಕೊಳವೆಯೊಂದನ್ನು ಜಠರದವರೆಗೆ ಇಳಿಸುತ್ತಾರೆ. ನಿದ್ದೆಯ ಮದ್ದು ಕೊಡುವುದಿಲ್ಲ, ನುಂಗಬೇಕಾದವರು ಎಚ್ಚರವಿರಬೇಕಲ್ಲ! ಇಳಿಸುವಾಗ ಓಕರಿಕೆ, ಕಣ್ಣೀರು ಬರುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಆಮೇಲೆ 5 ಮಿಲಿಲೀಟರ್, ಅಂದರೆ ಒಂದು ಸಣ್ಣ ಚಮಚದಷ್ಟು ನೀರನ್ನು ಸುಮಾರು 10 ಸಲ ನುಂಗಿಸುತ್ತಾರೆ. ಕೊಳವೆಯುದ್ದಕ್ಕೂ ಒತ್ತಡ ಎಷ್ಟೆಂದು ಕಂಪ್ಯೂಟರಿನಲ್ಲಿ ಬಣ್ಣಬಣ್ಣವಾಗಿ ಮೂಡುತ್ತದೆ.

ನಾದಿನಿಯ ಚಿತ್ರದಲ್ಲಿ ಅಲೆಯೇ ಇರಲಿಲ್ಲ, ಕೊನೆಯ ಬಾಗಿಲು ಒಮ್ಮೆಯೂ ಸರಿಯಾಗಿ ತೆರೆದಿರಲಿಲ್ಲ. ಕಾಯಿಲೆಯ ಹೆಸರು ಅಕಲೇಸಿಯಾ. ಅನ್ನನಾಳದ ನರಕೋಶಗಳು ನಾಶವಾಗಿ ಬರುವಂಥದ್ದು. ಅಪರೂಪದ್ದು, ಆದರೆ ಹೊಸದಲ್ಲ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1674ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಹೆಸರು ಕೇಳಿ ಅವಳು ಅತ್ತಳು. ಭಯದಿಂದಲ್ಲ, "ನಾನು ಸುಳ್ಳು ಹೇಳಲಿಲ್ಲವಲ್ಲ" ಎಂದು.

ಹೋದ ನರಗಳು ಮರಳುವುದಿಲ್ಲ. ಬಾಗಿಲನ್ನು ಬಲೂನಿನಿಂದ ಹಿಗ್ಗಿಸಬಹುದು, ಇಲ್ಲವೇ ಬಿಗಿದ ಸ್ನಾಯುವನ್ನು ಕತ್ತರಿಸಬಹುದು. ಹೊಟ್ಟೆ ಕೊಯ್ಯದೆ ಬಾಯಿಯ ಮೂಲಕವೇ ಅದನ್ನು ಕತ್ತರಿಸುವ 'ಪೋಯೆಮ್' ವಿಧಾನವನ್ನು ಜಪಾನಿನ ಡಾ. ಹರುಹಿರೊ ಇನೊಯೆ 2008ರಲ್ಲಿ ರೋಗಿಗಳ ಮೇಲೆ ಆರಂಭಿಸಿದರು. ನಾದಿನಿಗೆ ಆದದ್ದೂ ಅದೇ. ಈಗ ನೇರವಾಗಿ ಕುಳಿತು, ನಿಧಾನವಾಗಿ ಉಣ್ಣುತ್ತಾಳೆ. ಎದೆಯುರಿಗೆ ಮಾತ್ರೆ ಇದೆ.

ವೈದ್ಯರಲ್ಲಿಗೆ ಹೋಗುವ ಮುನ್ನ ಒಂದನ್ನು ಗಮನಿಸಿಟ್ಟುಕೊಳ್ಳಿ: ಮೊದಲು ಗಟ್ಟಿ ಆಹಾರ ಮಾತ್ರ ಸಿಕ್ಕಿಕೊಂಡು ಬರಬರುತ್ತಾ ನೀರಿಗೂ ಕಷ್ಟವಾಯಿತೇ, ಅಥವಾ ಆರಂಭದಿಂದಲೇ ಎರಡೂ ಇಳಿಯಲಿಲ್ಲವೇ? ಮೊದಲನೆಯದಾದರೆ ನಾಳ ಕಿರಿದಾಗಿರುವ ಶಂಕೆ, ತಡಮಾಡಲೇಬಾರದು. ಎರಡನೆಯದಾಗಿದ್ದು ಎಂಡೋಸ್ಕೋಪಿಯಲ್ಲಿ ಏನೂ ಕಾಣದಿದ್ದರೆ, ಮ್ಯಾನೊಮೆಟ್ರಿ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ.