ತಿದ್ದುವ ಮುನ್ನ

ಗಡಹಿಂಗ್ಲಜದ ನಮ್ಮ ವಿಭಾಗದ ಹಳೆಯ ವಾರ್ತಾಪತ್ರಗಳನ್ನು ಒಂದು ಸಂಪುಟವಾಗಿ ಅಣಿಗೊಳಿಸುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿತು. ಅವೆಲ್ಲ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕಡತಗಳು. ಪರಿವರ್ತಿಸಿದಾಗ ‘ಧರ್ಮ’ವು ‘ಧಮರ್’ ಎಂದೂ ‘ಸೂರ್ಯ’ನು ‘ಸೂಯರ್’ ಎಂದೂ ಹೊರಬಂದವು. ಹಳೆಯ ಪದ್ಧತಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಇರಿಸುತ್ತಿತ್ತು. ಯೂನಿಕೋಡ್ ಅದನ್ನು ಉಚ್ಚಾರದ ಕ್ರಮದಲ್ಲಿ, ಅಕ್ಷರದ ಮೊದಲು ಇರಿಸುತ್ತದೆ. ಎರಡೂ ತಮ್ಮ ತಮ್ಮ ನೆಲೆಯಲ್ಲಿ ಸರಿ. ಕೂಡಿದಾಗ ಮಾತ್ರ ಕೆಡುತ್ತವೆ.

ಇಂಥದೇ ತೊಡಕು ಗಣಕಯಂತ್ರಗಳ ಆರಂಭದ ಚರಿತ್ರೆಯಲ್ಲೂ ಇದೆ. 1978ರ ಇಂಟೆಲ್ 8086 ಪ್ರೊಸೆಸರಿಗೆ ಮೆಮೊರಿಯ ವಿಳಾಸ ಸೂಚಿಸಲು 20 ತಂತಿಗಳಿದ್ದವು. ಅದರ ಎಲ್ಲೆ ಒಂದು ಮೆಗಾಬೈಟ್. ಎಲ್ಲೆ ಮೀರಿದ ವಿಳಾಸವು ಸುತ್ತಿ ಮತ್ತೆ ಸೊನ್ನೆಯತ್ತ ಬರುತ್ತಿತ್ತು. ಕೆಲವು ತಂತ್ರಾಂಶಗಳು ಈ ಕೊರತೆಯನ್ನೇ ನೆಚ್ಚಿಕೊಂಡವು. ಮುಂದೆ ಬಂದ 80286ಕ್ಕೆ 24 ತಂತಿಗಳು. ಅಲ್ಲಿ ವಿಳಾಸವು ಸುತ್ತದೆ ಮುಂದಕ್ಕೆ ಸಾಗಿತು. ಹಳೆಯ ತಂತ್ರಾಂಶಗಳು ದಿಕ್ಕೆಟ್ಟವು. ಆದುದರಿಂದ 1984ರ ಐಬಿಎಂ ಪಿಸಿ ಎಟಿಯಲ್ಲಿ ಇಪ್ಪತ್ತೊಂದನೆಯ ತಂತಿಗೊಂದು ಬಾಗಿಲನ್ನಿಟ್ಟು, ಅದರ ಅಗಳಿಯನ್ನು ಕೀಲಿಮಣೆಯ ನಿಯಂತ್ರಕಕ್ಕೆ ವಹಿಸಿದರು. ಬಾಗಿಲು ಮುಚ್ಚಿದರೆ ಹೊಸ ಯಂತ್ರವೂ ಹಳೆಯದರಂತೆ ಸುತ್ತಿ ಬರುತ್ತಿತ್ತು.

ಆದರೆ ಎಲ್ಲ ದೋಷವೂ ಹೀಗೆ ಉಳಿಯತಕ್ಕದ್ದಲ್ಲ. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವರು ಅವಳಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುತ್ತಿದ್ದಾಗ, ಪೆಂಟಿಯಂ ಪ್ರೊಸೆಸರಿನ ಭಾಗಾಕಾರವೇ ತಪ್ಪುತ್ತಿರುವುದನ್ನು ಕಂಡುಕೊಂಡರು. ಭಾಗಾಕಾರಕ್ಕೆ ಆಧಾರವಾದ ಕೋಷ್ಟಕದಲ್ಲಿ ಕೆಲವು ಮನೆಗಳು ತುಂಬದೆ ಉಳಿದಿದ್ದವು. 4195835ನ್ನು 3145727ರಿಂದ ಭಾಗಿಸಿದರೆ 1.3338 ಬರಬೇಕಾದಲ್ಲಿ 1.3337 ಬರುತ್ತಿತ್ತು. ಅಂತರ ಅಲ್ಪವೇ, ಆದರೆ ಆ ತಪ್ಪನ್ನು ನೆಚ್ಚಿಕೊಂಡವರು ಯಾರೂ ಇರಲಿಲ್ಲ. ಡಿಸೆಂಬರಿನಲ್ಲಿ ಇಂಟೆಲ್, ಕೇಳಿದವರಿಗೆಲ್ಲ ಬದಲಿ ಕೊಡಲು ಒಪ್ಪಿತು.

ಈ ಎರಡೂ ಬಗೆ ನನಗೆ ಒಂದೇ ಪುಟದಲ್ಲಿ ಎದುರಾದವು. ಇಚಲಕರಂಜಿಯ ವಿದ್ಯಾರ್ಥಿಯೊಬ್ಬ ತನ್ನ ತಂದೆಯ ದುಡಿಮೆಯನ್ನು ಕುರಿತು ಬರೆದ ಲೇಖನವದು. ‘ಕಾರ್ಮಿಕ’ ಇರಬೇಕಾದಲ್ಲಿ ‘ಕಾಮಿರ್ಕ’ ಎಂದಿತ್ತು, ತಿದ್ದಿದೆ. ಆದರೆ ಆತ ಮಗ್ಗವನ್ನು ಉದ್ದಕ್ಕೂ ‘ಮಾಗ’ ಎಂದು ಬರೆದಿದ್ದ. ಕಾಗುಣಿತ ಪರೀಕ್ಷಿಸುವ ತಂತ್ರಾಂಶ ಅದರಡಿಯೂ ಕೆಂಪು ಗೆರೆ ಎಳೆಯಿತು. 1904ರಲ್ಲಿಯೇ ಯಂತ್ರಮಗ್ಗವನ್ನು ಕಂಡ ಊರು ಇಚಲಕರಂಜಿ. ಮಗ್ಗಕ್ಕೆ ಮರಾಠಿಯ ಹೆಸರು ‘ಮಾಗ’. ಮನೆಯಲ್ಲಿ ಕನ್ನಡವನ್ನೂ ಕಾರಖಾನೆಯಲ್ಲಿ ಮರಾಠಿಯನ್ನೂ ಆಡುವ ತಂದೆಯ ಬಾಯಿಂದ ಮಗ ಕೇಳಿ ಬೆಳೆದ ಶಬ್ದವದು.

‘ಕಾಮಿರ್ಕ’ ಯಾರ ಬಾಯಲ್ಲೂ ಇಲ್ಲ. ‘ಮಾಗ’ವೋ ಆ ಮನೆಗೆ ಅನ್ನವಿತ್ತ ಶಬ್ದ; ಅದನ್ನು ತಿದ್ದಿದರೆ ಲೇಖನದಿಂದ ಆ ತಂದೆಯೇ ಹೊರನಡೆದಾನು. ಕೊಲ್ಹಾಪುರ ಜಿಲ್ಲೆಯ ನಮ್ಮ ಗಡಿಗನ್ನಡವನ್ನು ಅಶುದ್ಧವೆಂದು ತಿದ್ದಹೊರಡುವ ಮುನ್ನ, ಇದನ್ನು ನೆಚ್ಚಿ ಬಾಳಿದವರು ಯಾರೆಂದು ಒಮ್ಮೆ ಕೇಳಿಕೊಳ್ಳುವುದು ಉಚಿತ. ಸಂಪುಟದಲ್ಲಿ ಆ ಶಬ್ದ ‘ಮಾಗ’ವೆಂದೇ ಅಚ್ಚಾಗಲಿದೆ.