ಹಾಸುಗಲ್ಲಿನ ಕೆಳಗಿನ ಅಕ್ಷರಗಳು

ನಮ್ಮೂರು ಪಾಂಡವಪುರ ತಾಲ್ಲೂಕಿನ ಒಂದು ಸಣ್ಣ ಗ್ರಾಮ. 1996ರಲ್ಲಿ ಅಲ್ಲಿಯ ಈಶ್ವರ ದೇವಾಲಯದ ಜೀರ್ಣೋದ್ಧಾರವಾದಾಗ ಸಮಿತಿಯ ಖಜಾಂಚಿತನ ನನ್ನ ಪಾಲಿಗೆ ಬಂದಿತ್ತು. ಬಾಗಿಲ ಎಡಕ್ಕೆ ಒಂದು ವೀರಗಲ್ಲು ವಾಲಿಕೊಂಡು ನಿಂತಿತ್ತು. ಕೆಳಗೆ ತುರುಗಳು, ನಡುವೆ ಬಿಲ್ಲು ಹಿಡಿದ ವೀರ, ಮೇಲೆ ಲಿಂಗಪೂಜೆಯ ಶಿಲ್ಪ. ನಡುವಣ ಪಟ್ಟಿಕೆಯಲ್ಲಿ ನಾಲ್ಕು ಸಾಲು ಅಕ್ಷರ. ಕಲ್ಲುಕೆಲಸದವನು, "ಮೇಷ್ಟ್ರೇ, ಈ ಕಲ್ಲು ಏನ್ ಮಾಡಾಣ?" ಎಂದು ಕೇಳಿದ. ಹಾಸುಗಲ್ಲು ಸಾಲದೆ ಹಣವೂ ಮುಗಿಯುತ್ತಿದ್ದ ಸಮಯ. "ಮುಖ ಕೆಳಗೆ ಮಾಡಿ ಹಾಸಿಬಿಡಪ್ಪಾ" ಎಂದುಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಹಳಗನ್ನಡ ಪಾಠ ಹೇಳಿದ ಬಾಯಿ ಅದು!

ಆ ಮಾತಿನ ಭಾರ ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಮಿತ್ರರೊಬ್ಬರ ಒತ್ತಾಯಕ್ಕೆ ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನಕ್ಕೆ ಹೋಗಿದ್ದೆ. ದೊಡ್ಡ ವಿದ್ವಾಂಸರ ಸಭೆ, ನಮಗೇನು ಕೆಲಸವೆಂಬ ಅಳುಕಿತ್ತು. ಆದರೆ ಅಲ್ಲಿ ನನ್ನಂತೆಯೇ ಹಳ್ಳಿಯ ಶಾಲೆಯ ಉಪಾಧ್ಯಾಯರೊಬ್ಬರು ತಮ್ಮೂರ ಕೆರೆಯ ಏರಿಯ ವೀರಗಲ್ಲೊಂದನ್ನು ಕುರಿತು ಪ್ರಬಂಧ ಮಂಡಿಸಿದರು. ಇಂಥ ಪ್ರಬಂಧಗಳು ಅಕಾಡೆಮಿಯ 'ಇತಿಹಾಸ ದರ್ಶನ' ಸಂಪುಟಗಳಲ್ಲಿ ಅಚ್ಚಾಗುತ್ತವೆ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದ ಬಗೆಯನ್ನು ಅವರು ವಿವರಿಸುತ್ತಿದ್ದಾಗ ನನಗೆ ತಲೆಯೆತ್ತಲಾಗಲಿಲ್ಲ.

ಊರಿಗೆ ಬಂದವನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕರಿಸಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳನ್ನು ಹುಡುಕಿಕೊಂಡು ಹೋದೆ. 1977ರ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳೂ 1979ರ ಏಳನೆಯದರಲ್ಲಿ ನಾಗಮಂಗಲವೂ ಸೇರಿವೆ. ಬಿ.ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರೂರು ಸುತ್ತಿಸಿ ಸಂಗ್ರಹಿಸಿದ ಪಾಠಗಳೇ ಇವಕ್ಕೆ ತಳಹದಿ. ನಮ್ಮೂರಿನ ಹೆಸರಿನಡಿ ಕೆರೆಯ ತೂಬಿನ ಶಾಸನವಿದೆ. ನಮ್ಮ ವೀರಗಲ್ಲು ಇಲ್ಲ. ಯಾರೂ ಪ್ರತಿ ಮಾಡಿಕೊಳ್ಳದ ಕಲ್ಲನ್ನೇ ನಾನು ಮಗುಚಿ ಹಾಕಿಸಿದ್ದೆ.

ಅಂದಿನಿಂದ ಆ ಸಂಪುಟಗಳು ನನ್ನ ನಿತ್ಯದ ಓದಾದವು. ಬಸವಾದಿ ಶರಣರಿಗಿಂತ ಮುಂಚೆ ನಮ್ಮ ಸೀಮೆ ಹೇಗಿತ್ತೆಂಬುದನ್ನು ನಾನು ಎಂದೂ ಕೇಳಿಕೊಂಡವನಲ್ಲ. ನಾಗಮಂಗಲದ ತಾಮ್ರಪಟಗಳು ಕ್ರಿ.ಶ. 776ರವು, ಕುಂದಾಚ್ಚಿ ಎಂಬ ಮಹಿಳೆ ಕಟ್ಟಿಸಿದ ಜಿನಾಲಯಕ್ಕೆ ಗಂಗ ದೊರೆ ಶ್ರೀಪುರುಷನು ಬಿಟ್ಟ ದತ್ತಿಯನ್ನು ಹೇಳುತ್ತವೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ಉತ್ತರ ದಡದಲ್ಲಿ ದೊರೆತ, ಸುಮಾರು ಕ್ರಿ.ಶ. 900ರ ಎರಡು ಶಾಸನಗಳು ಶ್ರವಣಬೆಳಗೊಳದ ಬೆಟ್ಟದ ಮೇಲಿನ ಭದ್ರಬಾಹು, ಚಂದ್ರಗುಪ್ತ ಮುನಿಗಳ ಪಾದಚಿಹ್ನೆಗಳನ್ನು ಸ್ಮರಿಸುತ್ತವೆ. ಮುಂದೆ, ಕಲ್ಯಾಣದ ಶರಣರು ಚದುರಿದ ಕೆಲವೇ ವರ್ಷಗಳ ಬಳಿಕ, 1171ರಲ್ಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಬಮ್ಮವ್ವೆ ನಾಯಕಿತಿಯು ಬ್ರಹ್ಮೇಶ್ವರ ದೇವಾಲಯವನ್ನು ಕಟ್ಟಿಸಿದಳು. ಆ ಗುಡಿಯ ಮುಂದೆ ಎಷ್ಟು ಸಲ ಬಸ್ಸಿನಲ್ಲಿ ಹಾದುಹೋಗಿಲ್ಲ! ಕಂಬದಹಳ್ಳಿಯ ಪಂಚಕೂಟ ಬಸದಿಯನ್ನೂ ನೋಡಿದ್ದು ಅರವತ್ತು ದಾಟಿದ ಮೇಲೆ.

ನಮ್ಮ ಸಮಾಜದವರಿಗೆ ಈ ಕೆಲಸ ಹೊಸದಲ್ಲ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತಂದದ್ದರಿಂದಲೇ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚಾಯಿತು. ಡಾ. ಎಂ.ಎಂ. ಕಲಬುರ್ಗಿಯವರು ವಚನಗಳಿಗೆ ಕೊಟ್ಟಷ್ಟೇ ಶ್ರದ್ಧೆಯನ್ನು ಶಾಸನಗಳಿಗೂ ಕೊಟ್ಟರು. ನಾವು ಅಟ್ಟದ ಮೇಲಿನ ಓಲೆಯ ಕಟ್ಟಿಗೆ ವಿಭೂತಿ ಹಚ್ಚಿ ಪೂಜಿಸುತ್ತೇವೆ; ಬಾಗಿಲಲ್ಲಿನ ಕಲ್ಲಿಗೆ ಎಣ್ಣೆ ಬಣ್ಣ ಬಳಿಯುತ್ತೇವೆ. ಜೀರ್ಣೋದ್ಧಾರಕ್ಕೆಂದು ಗ್ರಾನೈಟು ತರಿಸುವಾಗ ಹಳೆಯದೆಲ್ಲ ಜೀರ್ಣ, ಹೊಸದೇ ಉದ್ಧಾರವೆಂದು ತಿಳಿದವರಲ್ಲಿ ನಾನೂ ಒಬ್ಬ.

ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯು 2021ರಿಂದ ಆ ಭಾಗದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುತ್ತಿದೆಯೆಂದು ಓದಿದಾಗ ಸಂತೋಷದೊಡನೆ ಹೊಟ್ಟೆಯಲ್ಲಿ ಸಂಕಟವೂ ಆಯಿತು. ಯಂತ್ರಕ್ಕೂ ಕಲ್ಲಿನ ಮುಖ ಕಾಣಬೇಕಲ್ಲವೆ?

ಹೋದ ಶಿವರಾತ್ರಿಯ ಸಭೆಯಲ್ಲಿ ಎಲ್ಲರೆದುರು ನನ್ನ ತಪ್ಪನ್ನು ಹೇಳಿದೆ. ಕಿರಿಯರು ನಕ್ಕರು, ಒಬ್ಬರು, "ನೆಲ ಅಗೆಯೋದು ಅಶುಭ ಅಲ್ಲವೇ ಮೇಷ್ಟ್ರೇ?" ಎಂದರು. ಹಿರಿಯ ತಾಯಿಯೊಬ್ಬರು ಮಾತ್ರ, "ಸತ್ತೋನ ಹೆಸರು ಅದರಲ್ಲಿ ಇದ್ದೀತು, ಎತ್ತಿಸ್ರಪ್ಪಾ" ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಕಾರ್ತಿಕ ಕಳೆದ ಮೇಲೆ ಕಲ್ಲೆತ್ತಿಸಲು ಸಮಿತಿ ಒಪ್ಪಿದೆ. ಅಂದು ಕೆಲಸ ಮಾಡಿದವನು ಈಗಿಲ್ಲ; ಅವನ ಮಗ ಬರುತ್ತಾನೆ. ಹೊಸ್ತಿಲಿನಿಂದ ಮೂರನೆಯ ಕಲ್ಲೆಂದು ಅವನಿಗೆ ತೋರಿಸಿದ್ದೇನೆ. ಸಿಮೆಂಟು ಅಕ್ಷರಗಳೊಳಗೆ ಇಳಿದಿದೆಯೋ ಇಲ್ಲವೋ, ಎತ್ತಿದ ಮೇಲೆಯೇ ತಿಳಿಯಬೇಕು.