‘ಮನ್ಯಾಗ ಇರ್ತೀವ್ರಿ’ ಎನ್ನುವವರ ದಿನಚರಿ

“ನೀವೇನು ಕೆಲಸ ಮಾಡ್ತೀರಿ?” ಎಂದು ಯಾರಾದರೂ ಕೇಳಿದರೆ ನಮ್ಮಂಥ ತಾಯಂದಿರು ಕೊಡುವ ಉತ್ತರ ಒಂದೇ: “ಏನಿಲ್ರಿ, ಮನ್ಯಾಗ ಇರ್ತೀವಿ.” ಅರ್ಜಿ ತುಂಬಿಸಿಕೊಳ್ಳುವವರು, ಶಾಲೆಯಲ್ಲಿ ಮಕ್ಕಳ ದಾಖಲಾತಿ ಬರೆಯುವ ಗುರುಗಳು, ಜನಗಣತಿಗೆಂದು ಬಾಗಿಲಿಗೆ ಬರುವವರು ಎಲ್ಲರೂ ಈ ಉತ್ತರವನ್ನು ಕೇಳಿ, ಬರೆದುಕೊಂಡು ಹೋಗುತ್ತಾರೆ. 2011ರ ಜನಗಣತಿಯ ಲೆಕ್ಕದಲ್ಲೂ ಮನೆಗೆಲಸವನ್ನಷ್ಟೇ ಮಾಡುವವರು ಸೇರಿದ್ದು ಕೆಲಸ ಮಾಡದವರ ಪಟ್ಟಿಗೆ. ಉತ್ತರ ಕೊಟ್ಟ ನಾವು ಮಾತ್ರ, ಒಲೆಯ ಮೇಲಿನ ಹಾಲು ಉಕ್ಕಿತೇನೋ ಎಂದು ಅವರು ಬರೆದು ಮುಗಿಸುವ ಮೊದಲೇ ಒಳಗೆ ಓಡಿರುತ್ತೇವೆ.

ನಮ್ಮ ಊರು ನಾರಾಯಣಪುರ. ಕೃಷ್ಣಾ ನದಿಗೆ ಅಡ್ಡಲಾಗಿ 1982ರಲ್ಲಿ ಕಟ್ಟಿ ಮುಗಿಸಿದ ಬಸವಸಾಗರ ಅಣೆಕಟ್ಟೆ ಇರುವ ಊರು. 30 ಗೇಟುಗಳ, 10 ಕಿಲೋಮೀಟರಿಗೂ ಹೆಚ್ಚು ಉದ್ದದ ಈ ಅಣೆಕಟ್ಟೆಯನ್ನು ನೋಡಲು ಮಳೆಗಾಲದಲ್ಲಿ ದೂರದೂರುಗಳಿಂದ ಜನ ಬರುತ್ತಾರೆ. ಇಲ್ಲಿಂದ ಹೊರಡುವ ಎಡದಂಡೆ ಕಾಲುವೆಯ ನೀರಿನಿಂದ ಸುರಪುರ, ಶಹಾಪುರದ ಎರೆಹೊಲಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುತ್ತವೆ. ಮೊದಲು ನಮ್ಮದು ಗುಲ್ಬರ್ಗಾ ಜಿಲ್ಲೆಯ ಸುರಪುರ ತಾಲೂಕು. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು, ಆಮೇಲೆ ಹುಣಸಗಿ ತಾಲೂಕಾಯಿತು. ವಿಳಾಸ ಬದಲಾದರೂ ಓಣಿ ಬದಲಾಗಿಲ್ಲ. ಮುಸ್ಲಿಮರ, ಲಿಂಗಾಯತರ, ಕುರುಬರ, ಬೇಡರ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡಿವೆ. ಮನೆಯೊಳಗೆ ನಾವು ದಖ್ಖನಿ ಆಡುತ್ತೇವೆ, ಕಟ್ಟೆಗೆ ಬಂದರೆ ಕನ್ನಡ. ಭಾಷೆ ಯಾವುದಾದರೂ ನಮ್ಮ ಮಾತಿನ ವಿಷಯ ಒಂದೇ: ನೀರು ಬಂತಾ? ಹಿಟ್ಟು ಬೀಸಿತಾ? ಹುಡುಗರು ಉಂಡವಾ?

ಫಜ್ರ್ ನಮಾಝಿಗೆ ಎದ್ದವರು ಮತ್ತೆ ಮಲಗುವುದು ಇಶಾ ಮುಗಿದು, ಪಾತ್ರೆ ತೊಳೆದು, ಬೆಳಗಿನ ಅಡುಗೆಗೆ ಏನಿದೆ ಏನಿಲ್ಲ ಎಂದು ಡಬ್ಬಿ ನೋಡಿಟ್ಟ ಮೇಲೆಯೇ. ರಮಝಾನಿನಲ್ಲಿ ಈ ದಿನ ಇನ್ನೂ ಎರಡು ಗಂಟೆ ಮೊದಲು ಶುರುವಾಗುತ್ತದೆ. ಸಹರಿಗೆ ಎಲ್ಲರನ್ನೂ ಎಬ್ಬಿಸಿ, ಉಣಿಸಿ, ಕೊನೆಗೆ ನಾವೊಂದು ತುತ್ತು ಬಾಯಿಗಿಡುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ.

ಊರ ಪಕ್ಕದಲ್ಲಿ ಸಮುದ್ರದಂಥ ನೀರಿದ್ದರೂ ನಲ್ಲಿಯಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆಂದು ಹೇಳಲಾಗದು. ಬೆಳಗಿನ ನಾಲ್ಕಕ್ಕೆ ಬಂದದ್ದೂ ಇದೆ, ಮಟಮಟ ಮಧ್ಯಾಹ್ನ ಬಂದದ್ದೂ ಇದೆ. ಯಾರ ಮನೆಯ ನಲ್ಲಿ ಮೊದಲು ಬುಸುಗುಟ್ಟುತ್ತದೋ ಅವರು ಓಣಿಗೆಲ್ಲ ಕೂಗಿ ಹೇಳಬೇಕೆಂಬುದು ನಮ್ಮ ನಡುವಿನ ಕರಾರು. “ಯಕ್ಕಾ, ನೀರ್ ಬಂದಾವ್ ಏಳ್ರಿ” ಎಂಬ ಕೂಗಿಗೆ ಏಳದ ತಾಯಿ ಇಲ್ಲ. ಕುಡಿಯುವ ನೀರು ಬೇರೆ. ಅದಕ್ಕೆ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಇಟ್ಟು ಸರದಿ ಕಾಯಬೇಕು.

ಎರಡನೆಯ ಚಿಂತೆ ಹಿಟ್ಟಿನದು. ಬಿಳಿಜೋಳ ಒಳ್ಳೆಯದಿದ್ದರೂ ಬೀಸಿ ಬಹಳ ದಿನವಾಗಿದ್ದರೆ ಹಿಟ್ಟಿನ ಜಿಗಿ ಹೋಗುತ್ತದೆ. ಎಷ್ಟು ಬಿಸಿ ಎಸರು ಹಾಕಿ ನಾದಿದರೂ ಬಡಿಯುವಾಗ ಅಂಚು ಬಿರಿಯುತ್ತದೆ, ಎತ್ತಿ ಹಂಚಿಗೆ ಹಾಕುವಾಗ ನಡುವೆಯೇ ಹರಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬೀಸಿಸಬೇಕು. ಬೀಸಿಸಲು ಹೋದ ದಿನವೇ ಕರೆಂಟ್ ಹೋಗಿ ಗಿರಣಿ ಬಂದಾಗಿರುತ್ತದೆ. ಉಣ್ಣಲು ಕೂತವರಿಗೆ ಇದೆಲ್ಲ ಕಾಣುವುದಿಲ್ಲ. ಅವರಿಗೆ ಕಾಣುವುದು ಹರಿದ ರೊಟ್ಟಿ ಮಾತ್ರ. “ಇವತ್ತು ರೊಟ್ಟಿ ಹಿಂಗ್ಯಾಕಾಗ್ಯಾವ?” ಎಂಬ ಪ್ರಶ್ನೆ ತಪ್ಪುವುದಿಲ್ಲ.

ಇವು ಸಣ್ಣ ಕಷ್ಟಗಳೇ ಸರಿ. ಆದರೆ ಸಣ್ಣವನ್ನೆಲ್ಲ ಕೂಡಿಸಿ ನೋಡಿದವರಿದ್ದಾರೆ. ಕೇಂದ್ರ ಸರ್ಕಾರವು ಜನ ತಮ್ಮ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು 2024ರಲ್ಲಿ ದೇಶದಾದ್ಯಂತ ಸಮೀಕ್ಷೆ ನಡೆಸಿತು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ, ಹಾಗೆ ಮನೆಗೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷ ಎಂದು ಅದರಲ್ಲಿ ಕಂಡುಬಂತು. 2019ರ ಸಮೀಕ್ಷೆಯಲ್ಲಿ ಈ ಸಂಖ್ಯೆಗಳು 299 ಮತ್ತು 97 ಇದ್ದವು. ಐದು ವರ್ಷಗಳಲ್ಲಿ ಹೆಂಗಸರ ಕೆಲಸ ಹತ್ತು ನಿಮಿಷ ತಗ್ಗಿತು, ಗಂಡಸರದು ಒಂಬತ್ತು ನಿಮಿಷ ತಗ್ಗಿತು. ನಡುವಿನ ಅಂತರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಮಕ್ಕಳ, ವೃದ್ಧರ ಆರೈಕೆಯನ್ನು ಆ ಸಮೀಕ್ಷೆ ಬೇರೆಯಾಗಿಯೇ ಎಣಿಸಿದೆ.

ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್ 30ರಂದು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. “ಪುಕ್ಕಟೆ ರೊಕ್ಕ ಬಂತಲ್ಲ, ಮಜಾ ಮಾಡ್ರಿ” ಎಂದು ಚಹಾದಂಗಡಿಯಲ್ಲಿ ಕೂತವರು ನಗೆಯಾಡಿದರು. ನಾವು ಒಂದು ಮಧ್ಯಾಹ್ನ ಮಕ್ಕಳ ಪಾಟಿಯ ಮೇಲೆ ಲೆಕ್ಕ ಹಾಕಿದೆವು. ದಿನಕ್ಕೆ 289 ನಿಮಿಷವೆಂದರೆ 30 ದಿನಕ್ಕೆ 144 ಗಂಟೆಗೂ ಹೆಚ್ಚು. 2,000 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಗಂಟೆಗೆ 14 ರೂಪಾಯಿಯೂ ಬೀಳುವುದಿಲ್ಲ. ಆ ಹಣ ಹೋದದ್ದಾದರೂ ಎಲ್ಲಿಗೆ? ಫೀಸಿಗೆ, ಅತ್ತೆಯ ಬಿ.ಪಿ. ಮಾತ್ರೆಗೆ, ಕಿರಾಣಿ ಅಂಗಡಿಯ ಬಾಕಿಗೆ. ಇದನ್ನು ಪುಕ್ಕಟೆ ಎಂದು ಕರೆಯುವವರು ಒಂದು ವಾರ ಬೆಳಗಿನ ನಾಲ್ಕಕ್ಕೆದ್ದು ನೀರು ತುಂಬಿ ನೋಡಲಿ.

ತಾಯಿಯ ಕಷ್ಟವನ್ನು ಲೋಕ ಗುರುತಿಸುವುದೇ ಇಲ್ಲವೆಂದಲ್ಲ. ದೊಡ್ಡದಾದಾಗ ಗುರುತಿಸುತ್ತದೆ. 2014ರ ಮಳೆಗಾಲದಲ್ಲಿ ನಮ್ಮ ಅಣೆಕಟ್ಟೆಯ ಕೆಳಗೆ, ಕಕ್ಕೇರಾ ಸಮೀಪದ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯ ಗಂಡಸರ ಜೊತೆಯಲ್ಲಿ, ಉಕ್ಕಿ ಹರಿಯುವ ಕೃಷ್ಣೆಯನ್ನು ಈಜಿ ದಾಟಿದಳು. ಸುತ್ತ ನೀರು ಬಂದು ಊರು ನಡುಗಡ್ಡೆಯಾಗಿತ್ತು. ಹೆರಿಗೆಗೆ ಆಸ್ಪತ್ರೆ ಸೇರಲು ಬೇರೆ ದಾರಿ ಇರಲಿಲ್ಲ. ದೇಶದ ಪತ್ರಿಕೆಗಳೆಲ್ಲ ಅವಳ ಸುದ್ದಿ ಬರೆದವು. ಅದನ್ನು ಓದಿ ಹೇಳಿದಾಗ ನಮ್ಮೊಳಗಿನ ಹಿರಿಯಳೊಬ್ಬಳು, “ಹೊಳಿಗೆ ಇಳಿಯೂಕಿಂತ ಮದ್ಲ ಮನಿ ಮಂದಿಗೆ ರೊಟ್ಟಿ ಬಡದಿಟ್ಟೇ ಬಂದಿರ್ತಾಳ, ನೋಡ್ರಿ ಬೇಕಾದ್ರ” ಎಂದಳು. ನಾವೆಲ್ಲ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇಂಥ ಮಾತುಗಳೆಲ್ಲ ನಡೆಯುವುದು ಝುಹರ್ ಮತ್ತು ಅಸ್ರ್ ನಮಾಝ್‌ಗಳ ನಡುವೆ. ಇಡೀ ದಿನದಲ್ಲಿ ನಮ್ಮದೆನ್ನುವ ಹೊತ್ತು ಅದೊಂದೇ. ಆಗ ಬೇವಿನ ಮರದ ನೆರಳಿಗೆ ಚಾಪೆ ಹಾಸಿ ನಾವು ಕೌದಿ ಹೊಲಿಯುತ್ತೇವೆ. ಹಳೆಯ ಸೀರೆ, ದುಪಟ್ಟಾ, ಲುಂಗಿ, ಮಕ್ಕಳಿಗೆ ಗಿಡ್ಡವಾದ ಶಾಲೆಯ ಸಮವಸ್ತ್ರ, ಯಾವುದನ್ನೂ ಎಸೆಯುವುದಿಲ್ಲ. ತೊಳೆದು, ಒಣಗಿಸಿ, ಪದರದ ಮೇಲೆ ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿಗೆ ಹಾಕುತ್ತಾ ಹೋಗಬೇಕು. ದಿನಕ್ಕೊಂದು ಗೇಣು ಸಾಗಿದರೆ ಹೆಚ್ಚು. ಮುಗಿಯುವಾಗ ತಿಂಗಳು ಕಳೆದಿರುತ್ತದೆ. ಈಗಿನ ಸಿಂಥೆಟಿಕ್ ಸೀರೆ ಇದಕ್ಕೆ ಬರುವುದಿಲ್ಲ. ಜಾರುತ್ತದೆ, ಬೆವರು ಹೀರುವುದಿಲ್ಲ. ಹಾಗಾಗಿ ಹತ್ತಿಯ ಹಳೆ ಸೀರೆ ಯಾರ ಪೆಟ್ಟಿಗೆಯಲ್ಲಿದೆ ಎಂಬುದು ನಮಗೆಲ್ಲ ಬಾಯಿಪಾಠ. ಮುಳುಗಡೆಯಾದ ಊರಿನಿಂದ ಬಂದ ಒಬ್ಬಳ ಬಳಿ ಅವಳ ಅಜ್ಜಿಯ ಸೀರೆಯ ಕೌದಿಯಿದೆ. ಊರು ನೀರೊಳಗಿದೆ, ಅಜ್ಜಿಯೂ ಇಲ್ಲ. ಚಳಿಗಾಲದಲ್ಲಿ ಮೊಮ್ಮಗು ಅದನ್ನೇ ಹೊದ್ದು ಮಲಗುತ್ತದೆ.

ಕೌದಿ ನಮ್ಮ ಭಾಗದ್ದು ಮಾತ್ರವಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರೂ ಹೊಲಿಯುತ್ತಾರೆ. ಅವರಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ. ಅವರ ಕೌದಿಗಳು ಅಮೆರಿಕದಲ್ಲೂ ಪ್ರದರ್ಶನಗೊಂಡಿವೆ. ಇದನ್ನು ಕೇಳಿದ ಮೇಲೆ ನೆಂಟರಲ್ಲೊಬ್ಬರು, “ನೀವೂ ಮಾರ್ರಿ, ಪ್ಯಾಟ್ಯಾಗ ಸಾವಿರಗಟ್ಲೆ ಕೊಡ್ತಾರ” ಎಂದರು. ಮಾರುವುದು ಕೆಟ್ಟದ್ದೇನಲ್ಲ. ಗಂಡಸರು ದುಡಿದದ್ದರಲ್ಲಿ ಅವರಿಗೆ, ಹೆಂಗಸರು ದುಡಿದದ್ದರಲ್ಲಿ ಅವರಿಗೆ ಪಾಲಿದೆ ಎಂಬುದನ್ನು ಪವಿತ್ರ ಕುರ್‌ಆನ್ ಹದಿನಾಲ್ಕು ಶತಮಾನಗಳ ಹಿಂದೆಯೇ ಸ್ಪಷ್ಟಪಡಿಸಿದೆ. ನಮ್ಮಲ್ಲಿಬ್ಬರು ಮಾರಲು ಹೊಲಿಯುತ್ತಿದ್ದಾರೆ, ಬಂದ ಹಣವನ್ನು ಅವರೇ ಇಟ್ಟುಕೊಳ್ಳುತ್ತಾರೆ. ಉಳಿದವರು ಸುಮ್ಮನೆ, ಇಷ್ಟವಿದೆಯೆಂದು ಹೊಲಿಯುತ್ತೇವೆ. ಮನೆಯ ಗಂಡಸರು ಸಂಜೆ ಕಟ್ಟೆಗೆ ಕೂತು ಹರಟುವುದಕ್ಕೆ ಯಾರೂ ಲಾಭ ನಷ್ಟದ ಲೆಕ್ಕ ಕೇಳುವುದಿಲ್ಲ. ತಾಯಿಯ ಒಂದೂವರೆ ಗಂಟೆಗೂ ಆ ಲೆಕ್ಕ ಬೇಡ.

ಆದರೆ ಆ ಒಂದೂವರೆ ಗಂಟೆ ಎಲ್ಲಿಂದ ಬರಬೇಕು? ತಾಯಿಯ ಭಾರ ತಗ್ಗಬೇಕೆಂದರೆ ಅದು ಸಾಮಾನ್ಯವಾಗಿ ಮಗಳ ಹೆಗಲಿಗೆ ಹೋಗುತ್ತದೆ. ಈ ಮಾತನ್ನು ಬರೆಯಲು ಕೂತಿರುವುದೇ ಇದಕ್ಕಾಗಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಯಾದಗಿರಿ ಜಿಲ್ಲೆ ಶೇಕಡಾ 50.59 ಪಡೆದು ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಕಾರಣಗಳು ಹಲವಿರಬಹುದು. ಹತ್ತಿ ಬಿಡಿಸುವ ಕಾಲದಲ್ಲಿ ತರಗತಿಯ ಬೆಂಚು ಖಾಲಿಯಾಗುವುದನ್ನು, ತಾಯಿ ಹೊಲಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನಮ್ಮಲ್ಲೊಬ್ಬಳ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. ಮಗಳು ಹತ್ತನೆಯ ತರಗತಿ. ಮರುದಿನ ಗಣಿತ ಪರೀಕ್ಷೆ. ತಾಯಿಗೆ ಜ್ವರ. ನಸುಕಿನಲ್ಲಿ ನೀರು ಬಂತೆಂದು ಓಣಿಯಿಂದ ಕೂಗು ಕೇಳಿತು. ಅಜ್ಜಿ ಮೊಮ್ಮಗಳನ್ನು ಪುಸ್ತಕದ ಮುಂದಿನಿಂದ ಎಬ್ಬಿಸಿದಳು. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಮೊಬೈಲ್ ಹಿಡಿದು ಮಲಗಿದ್ದ. ತಾಯಿ ಹಾಸಿಗೆಯಿಂದಲೇ ಹೇಳಿದಳು: “ನೀ ಓದ್ಕೊ ಬೇಟಿ. ಏ, ನೀ ಏಳು, ಕೊಡ ತಗೊ.”

ಅತ್ತೆಗೆ ಸಿಟ್ಟು ಬಂತು. “ಗಂಡ ಹುಡುಗನ ಕೈಗೆ ಕೊಡ ಕೊಡ್ತಿಯೇನ? ಓಣ್ಯಾಗಿನ ಮಂದಿ ನಗತಾರ.”

“ನಗೂ ಮಂದಿ ಬಂದು ನಮ್ಮನಿ ನೀರ್ ತುಂಬಂಗಿಲ್ರಿ ಅತ್ತಿ.”

ಹುಡುಗ ಗೊಣಗುತ್ತಲೇ ಎದ್ದ. ಗೆಳೆಯರು ಕಂಡು ಛೇಡಿಸಿದ್ದೂ ನಿಜ. ಅತ್ತೆ ನಾಲ್ಕು ದಿನ ಸೊಸೆಯ ಜೊತೆ ಮಾತು ಬಿಟ್ಟಿದ್ದೂ ನಿಜ. ತಂದೆ ನಡುವೆ ಬರಲಿಲ್ಲ. ಅದೇ ದೊಡ್ಡ ಉಪಕಾರವೆಂದು ಆಕೆ ಹೇಳುತ್ತಾಳೆ. ಪರೀಕ್ಷೆ ಮುಗಿಯುವವರೆಗೂ ನೀರು ಅವನದೇ ಕೆಲಸವಾಯಿತು, ಮುಗಿದ ಮೇಲೂ ಹಾಗೆಯೇ ಉಳಿಯಿತು. ಈಗ ವುಝೂಗೆ ನೀರು ಬೇಕಾದರೆ ಅಜ್ಜಿಯೇ ಮೊಮ್ಮಗನನ್ನು ಕರೆಯುತ್ತಾಳೆ. ಉಂಡ ತಟ್ಟೆಯನ್ನು ಮಾತ್ರ ಅವನಿನ್ನೂ ಅಲ್ಲೇ ಬಿಟ್ಟು ಏಳುತ್ತಾನೆ. ಅದಕ್ಕೂ ಕಾಲ ಬರುತ್ತದೆ, ಇನ್‌ಶಾ ಅಲ್ಲಾಹ್.

ತಾಳ್ಮೆಯ ಪಾಠ ಹೇಳುವಾಗ ನಮಗೆ ಪ್ರವಾದಿಯವರ(ಸ) ಪುತ್ರಿ ಹಝ್ರತ್ ಫಾತಿಮಾರ(ರ) ಘಟನೆಯನ್ನು ಹೇಳುವುದುಂಟು. ಬೀಸುಕಲ್ಲು ತಿರುಗಿಸಿ ಅವರ ಅಂಗೈಯಲ್ಲಿ ಬೊಬ್ಬೆಗಳೆದ್ದಿದ್ದವು. ಸಹಾಯಕ್ಕೊಬ್ಬರು ಬೇಕೆಂದು ಕೇಳಲು ತಂದೆಯ ಮನೆಗೆ ಹೋದರು. ಪ್ರವಾದಿಯವರು(ಸ) ರಾತ್ರಿ ತಾವೇ ಮಗಳ ಮನೆಗೆ ಬಂದು, ಸಹಾಯಕರಿಗಿಂತ ಉತ್ತಮವಾದುದೆಂದು, ಮಲಗುವ ಮುನ್ನ ಹೇಳಬೇಕಾದ ತಸ್ಬೀಹನ್ನು ಕಲಿಸಿದರು. ಆ ತಸ್ಬೀಹನ್ನು ನಾವೂ ಹೇಳುತ್ತೇವೆ, ಅದರಿಂದ ದಣಿವು ಇಳಿಯುತ್ತದೆ. ಆದರೆ ಈ ಘಟನೆಯಲ್ಲಿ ಇನ್ನೂ ಎರಡು ಸಂಗತಿಗಳಿವೆ. ಫಾತಿಮಾ(ರ) ತಮ್ಮ ಕೈ ನೋವನ್ನು ಬಾಯಿಬಿಟ್ಟು ಹೇಳಿಕೊಂಡರು, ಹೇಳಿಕೊಂಡದ್ದಕ್ಕೆ ಯಾರೂ ಅವರನ್ನು ಗದರಲಿಲ್ಲ. ನೀರು ಸೇದಿ ಸೇದಿ ಎದೆ ನೋಯುತ್ತಿದೆಯೆಂದು ಅವರ ಪತಿ ಹಝ್ರತ್ ಅಲಿ(ರ) ಹೇಳಿದ್ದೂ ಒಂದು ವರದಿಯಲ್ಲಿದೆ. ನೀರಿನ ಕೆಲಸ ಗಂಡಸಿನ ಮಾನಕ್ಕೆ ಕುಂದೆಂದು ಆ ಮನೆಯಲ್ಲಿ ಯಾರೂ ತಿಳಿದಿರಲಿಲ್ಲ. ಇನ್ನು ಪ್ರವಾದಿಯವರು(ಸ) ಮನೆಯಲ್ಲಿದ್ದಾಗ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರವೂ ಪ್ರಸಿದ್ಧ. ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ವೇಳೆಯಾದರೆ ಎದ್ದು ಹೋಗುತ್ತಿದ್ದರು. ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದೂ ವರದಿಯಾಗಿದೆ. ಗಡ್ಡ, ಟೋಪಿಯ ಸುನ್ನತ್ತನ್ನು ಶ್ರದ್ಧೆಯಿಂದ ಪಾಲಿಸುವ ಸಹೋದರರಿಗೆ ನಮ್ಮ ವಿನಂತಿ: ಸೂಜಿ ದಾರದ ಈ ಸುನ್ನತ್ತು, ಮನೆಯವರ ಸೇವೆಯ ಈ ಸುನ್ನತ್ತು ಕೂಡ ಅದೇ ಪ್ರವಾದಿಯವರದು(ಸ).

ತಾಯಂದಿರಿಗೂ ಒಂದು ಮಾತು. ಮಗ ತಟ್ಟೆ ಎತ್ತಲು ಬಂದರೆ “ನೀ ಬಿಡಪ್ಪಾ” ಎಂದು ಕಸಿದುಕೊಳ್ಳಬೇಡಿ. ಅವನು ತುಂಬಿದ ನೀರು ಅರ್ಧ ಚೆಲ್ಲಿದರೆ ಚೆಲ್ಲಲಿ. ನಾಳೆ ಅವನ ಹೆಂಡತಿಯಾಗಿ ಬರುವ ಹುಡುಗಿಯೂ ಒಬ್ಬ ತಾಯಿಯ ಮಗಳೇ.

ಗಣಿತ ಬರೆದ ಆ ಹುಡುಗಿಯ ಫಲಿತಾಂಶ ಇನ್ನೂ ಬಂದಿಲ್ಲ. ಪಾಸಾದರೆ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳಂತೆ. ಅವಳ ಜೊತೆ ಕಳಿಸಲು ಒಂದು ಕೌದಿ ಹಿಡಿದಿದ್ದೇವೆ. ಐದು ಮನೆಯ ಸೀರೆಗಳಿವೆ ಅದರಲ್ಲಿ, ಅಣ್ಣನ ಹಳೆಯ ಅಂಗಿಯ ತುಂಡೂ ಇದೆ. ಇನ್ನೂ ಎರಡು ಬದಿ ಬಾಕಿ ಇವೆ. ಮಳೆ ಶುರುವಾಗುವ ಮೊದಲು ಮುಗಿಸಬೇಕು.